ಅತ್ತಿಯ ಕಾಫಿ ದವಾಖಾನಿ

ಶಹಾಪುರದ ನಮ್ಮ ಓಣಿಯಲ್ಲಿ ಬೆಳಗಾದರೆ ಚಹಾ, ಬೀಗರು ಬಂದರೆ ಚಹಾ, ಬೀಗರು ಹೋದ ಮೇಲೆ ಸಾಕಾಯ್ತಪ್ಪಾ ಅಂತ ಮತ್ತೊಂದು ಚಹಾ. ಕಾಫಿ ಅಂದರೆ ನಮಗೆ ಮದುವೆ ಮನೆಯಲ್ಲಿ ಯಾರೋ ಒಬ್ಬರು ಕೇಳಿ, ಇಲ್ಲ ಅನ್ನಿಸಿಕೊಳ್ಳುವ ವಸ್ತು. ನನ್ನ ಅತ್ತಿ ವನದುರ್ಗದ ಒಕ್ಕಲುತನದ ಮನೆಯ ಮಗಳು. ಲಿಂಗಪೂಜೆ ಮುಗಿಯುವ ತನಕ ಹನಿ ನೀರು ಮುಟ್ಟದವರು, ಮುಗಿದ ಕೂಡಲೇ ಬಸಿಯಲ್ಲಿ ಚಹಾ ಸುರುವಿಕೊಂಡು ಸುರ್ ಅಂತ ಎಳೆಯುತ್ತಿದ್ದರು.

ಮೂರು ವರ್ಷದ ಕೆಳಗೆ ನಮ್ಮ ಮೇಲಿನ ಮನೆಗೆ ಬ್ಯಾಂಕಿನ ಮೇಡಂ ಒಬ್ಬರು ಬಾಡಿಗೆಗೆ ಬಂದರು. ಮೈಸೂರು ಕಡೆಯವರು, ವರ್ಗವಾಗಿ ಬಂದಿದ್ದರು. ಬಂದ ಮರುದಿನವೇ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, "ನಿಮ್ಮ ಅತ್ತೆಯವರಿಗೆ ನನ್ನ ಮೇಲೆ ಏನಾದ್ರೂ ಕೋಪಾನಾ?" ಅಂತ ಮೆಲ್ಲಗೆ ಕೇಳಿದರು.

"ಯಾಕ್ರಿ?"

"ಬೆಳಿಗ್ಗೆ ನನ್ನ ನೋಡಿ, 'ಉಂಡಿಯೋ ಇಲ್ಲೋ? ಹಂಗ್ಯಾಕ ಸೊರಗೀದಿ?' ಅಂತ ಜೋರಾಗಿ ಕೂಗಿದ್ರು."

"ಅದು ಪ್ರೀತಿರಿ ಮೇಡಂ," ಅಂದೆ. ಅವರು ನಂಬಲು ಒಂದು ವಾರ ಹಿಡಿಯಿತು.

ಅತ್ತಿಯವರಿಗೆ ಬಹಳ ದಿನದಿಂದ ತಲೆನೋವಿನ ತ್ರಾಸ. ಬಂತೆಂದರೆ ಹಣೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿಸಿ ಮಲಗಿಬಿಡುತ್ತಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಹಾಗೆ ಮಲಗಿದ್ದಾಗ, ನೀರಿನ ಮೋಟರ್ ಹಾಕಿ ಅಂತ ಹೇಳಲು ಮೇಡಂ ಕೆಳಗೆ ಬಂದರು. ಅತ್ತಿಯ ಸ್ಥಿತಿ ನೋಡಿ ಮೇಲೆ ಹೋಗಿ, ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಹಿಡಿದುಕೊಂಡು ಬಂದರು.

"ಅಮ್ಮ, ಇದನ್ನ ಕುಡಿದು ನೋಡಿ. ನಮ್ಮಮ್ಮ ತಲೆನೋವು ಬಂದ್ರೆ ಇದನ್ನೇ ಕುಡೀತಾರೆ."

"ಅದು ಕಹಿ ಇರ್ತದವ್ವ, ನನಗ ಬ್ಯಾಡ," ಅಂದ ಅತ್ತಿ, ವಾಸನೆಗೋ ಮುಲಾಜಿಗೋ, ಎದ್ದು ಕುಡಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹಣೆಯ ಬಟ್ಟೆ ಬಿಚ್ಚಿ, ಕಿಟಕಿ ತೆಗೆದು ಕೂತಿದ್ದಾರೆ.

"ಏನು ಹಾಕೀದೆವ್ವ ಇದರಾಗ? ತಲಿ ಹೂವಿನಂಗ ಹಗುರಾಗ್ಯಾದ!"

ಅಲ್ಲಿಂದ ಶುರುವಾಯಿತು. ವಾರದೊಳಗೆ ಫಿಲ್ಟರ್ ಬಂತು. ಯಾದಗಿರಿಗೆ ಯಾರೇ ಹೊರಟರೂ ಅವರ ಕೈಚೀಲದಲ್ಲಿ ಕಾಫಿಪುಡಿಗೆ ಜಾಗ ಇರಲೇಬೇಕಾಯಿತು. ಅತ್ತಿ ತಾವು ಕುಡಿದು ಸುಮ್ಮನಾಗಲಿಲ್ಲ, ಓಣಿಗೆಲ್ಲ ಔಷಧಿ ಕೊಡತೊಡಗಿದರು. ಎದುರುಮನೆಯ ಹೊಲಿಗೆಯಾಕೆಗೆ ಹೊಟ್ಟೆ ಸರಿಯಾಗುತ್ತಿರಲಿಲ್ಲ. "ಮುಂಜಾನಿ ಬಿಸಿ ಬಿಸಿ ಕುಡಿ, ಸಾಫ್ ಆಗ್ತದ," ಅಂದರು. ಆಯಿತು ಕೂಡ. ಆಕೆ ಆ ಸುದ್ದಿಯನ್ನು ನಲ್ಲಿಕಟ್ಟೆಯ ಮೇಲೆ ಯಾವ ಸಂಕೋಚವೂ ಇಲ್ಲದೆ ಸಾರಿದ್ದರಿಂದ ಅತ್ತಿಯ ಹೆಸರು ಇನ್ನೂ ದೊಡ್ಡದಾಯಿತು. ಊಟವಾದ ಮೇಲೆ ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ ನನ್ನ ಗಂಡನಿಗೆ ಒಂದು ಲೋಟ ಗಂಟಲಿಗಿಳಿದರೆ ಕಣ್ಣು ಫಳಫಳ. ಮೊಣಕಾಲು ನೋವು, ಬೇಸರ, ಸೊಸೆಯ ಮೇಲಿನ ಸಿಟ್ಟು, ಎಲ್ಲಕ್ಕೂ ಅದೇ ಔಷಧಿ.

ಮೊದಲು ಕೆಟ್ಟದ್ದು ಸುರಪುರದಿಂದ ಬಂದ ಅತ್ತಿಯ ತಂಗಿಯ ವಿಷಯದಲ್ಲಿ. ಅವರಿಗೆ ಮೊದಲೇ ಎದೆಯುರಿ. ಬಸ್ಸಿಳಿದು ಖಾಲಿ ಹೊಟ್ಟೆಯಲ್ಲಿ ಬಂದವರ ಕೈಗೆ ಗಟ್ಟಿ ಕಾಫಿ ಕೊಟ್ಟರೆ ಏನಾಗಬೇಕು?

"ಅಕ್ಕಾ, ನಿನ್ನ ಔಷಧಿ ಹೊಟ್ಯಾಗ ಬೆಂಕಿ ಹಚ್ಯಾದ ನೋಡು!"

"ಔಷಧಿದು ತಪ್ಪಲ್ಲ. ನಿನ್ನ ಹೊಟ್ಟಿದು ತಪ್ಪು," ಅಂದರು ಅತ್ತಿ.

ಆದರೆ ಸ್ವಲ್ಪ ದಿನಕ್ಕೆ ಅವರ ಮೈಯೇ ಮಾತಾಡತೊಡಗಿತು. ಹೂ ಕಟ್ಟುವಾಗ ಬೆರಳು ನಡುಗುವುದು, ಸುಮ್ಮನೆ ಕೂತಾಗಲೂ ಎದೆ ಢವಢವ ಅನ್ನುವುದು. ನಿದ್ದೆಯೂ ಹತ್ತುತ್ತಿರಲಿಲ್ಲ. ಕೇಳಿದರೆ, "ಸೆಕಿಗಿ ಹಂಗಾಗ್ತದ," ಅನ್ನುತ್ತಿದ್ದರು. ಮಾಘ ಮಾಸದ ಚಳಿಯಲ್ಲಿ ಎಲ್ಲಿಯ ಸೆಕೆ? ಕಡೆಗೆ ಒಂದು ದಿನ ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಅವರನ್ನು ಕರೆದುಕೊಂಡು ಯಾದಗಿರಿಯ ಡಾಕ್ಟರಮ್ಮನ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ನನಗೆ ಒಳಗೊಳಗೇ ಖುಷಿ. ನಾನು ಹೇಳಿದರೆ ಕೇಳದವರು ಇವತ್ತು ಡಾಕ್ಟರ ಬಾಯಲ್ಲಿ ಕೇಳುತ್ತಾರೆ ಅಂತ.

"ದಿನಕ್ಕ ಎಷ್ಟು ಕಾಫಿ ಕುಡೀತೀರಿ ಅವ್ವಾರ?"

"ಎರಡೇರಿ," ಅಂದರು ಅತ್ತಿ, ಬಹಳ ಸಭ್ಯರಾಗಿ.

"ಎರಡು ಕಪ್ಪಲ್ರಿ, ದೊಡ್ಡ ಹಿತ್ತಾಳಿ ಲೋಟ," ಅಂದೆ ನಾನು. "ಮತ್ತ ಓಣ್ಯಾಗಿನ ಪೇಷಂಟ್ ಜೋಡಿ ಕುಡಿಯೋದು ಬ್ಯಾರೆ."

ಅತ್ತಿ ನನ್ನನ್ನು ನೋಡಿದ ನೋಟಕ್ಕೆ ಡಾಕ್ಟರಮ್ಮ ನಕ್ಕುಬಿಟ್ಟರು. ಬಿಪಿ ನೋಡಿದರು, ಇಸಿಜಿ ಮಾಡಿಸಿದರು. ಗಾಬರಿಯಾಗುವಂಥದ್ದು ಏನೂ ಇರಲಿಲ್ಲ.

"ಕಾಫಿ ಕೆಟ್ಟದ್ದೇನಲ್ರಿ ಅವ್ವಾರ. ಕೆಲವೊಂದು ತಲಿನೋವಿಗಿ ಆಗ್ತದ, ಮಂಪರು ಹೋಗ್ತದ. ಆದ್ರ ಹೆಚ್ಚಾದ್ರ ಎದಿ ಹೊಡಕೋತದ, ನಿದ್ದಿ ಹಾರ್ತದ. ಮುಂಜಾನಿ ಒಂದು ಸಣ್ಣ ಕಪ್ ಕುಡೀರಿ. ಮಧ್ಯಾಹ್ನದ ಮ್ಯಾಲ ಬ್ಯಾಡ. ಹಂಗಂತ ಒಮ್ಮಿಗೇ ಬಿಡಬ್ಯಾಡ್ರಿ, ಬಿಟ್ರೂ ತಲಿ ನೋಯ್ತದ."

ಆಮೇಲೆ ನನ್ನ ಕಡೆ ತಿರುಗಿದರು. "ನೀವ್ಯಾಕ ಇಷ್ಟು ಬಿಳಚಿಕೊಂಡೀರಿ?"

"ರಕ್ತ ಕಮ್ಮಿ ಅದರಿ. ಐರನ್ ಗುಳಿಗಿ ನುಂಗಾಕತ್ತೀನಿ, ಏರವಲ್ದು."

"ಯಾವಾಗ ನುಂಗ್ತೀರಿ?"

"ಊಟಾದ ಮ್ಯಾಲ. ಚಾದ ಜೋಡಿ."

"ಅದಕ್ಕ ಏರವಲ್ದು! ಆ ಗುಳಿಗಿ ಮೈಗಿ ಹತ್ತದಂಗ ಮಾಡೋದ್ರಾಗ ಚಾ ಏನು ಕಾಫಿಗಿಂತ ಕಮ್ಮಿ ಇಲ್ರಿ. ಗುಳಿಗಿಗೂ ಚಾಕ್ಕೂ ನಡುವ ತಾಸೆರಡು ತಾಸು ಬಿಡ್ರಿ."

ಅತ್ತಿಯವರಿಗೆ ಇನ್ನೇನು ಬೇಕು? ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದವರು ಬಸ್ ಸ್ಟ್ಯಾಂಡ್ ಬಂದರೂ ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ, ಗುರುತು ಪರಿಚಯವಿಲ್ಲದ ಹೆಣ್ಣುಮಗಳಿಗೆ, "ನನ್ನ ತೋರ್ಸಾಕ ಕರ್ಕೊಂಡು ಬಂದು ತಾನೇ ಸಿಕ್ಕೊಂಡಾಳ್ ನೋಡವ್ವ ನನ್ನ ಸೊಸಿ," ಅಂತ ಪೂರ್ತಿ ಕಥೆ ಹೇಳಿದರು. ನಾನು ಕಿಟಕಿಯ ಹೊರಗೆ ಹತ್ತಿಯ ಹೊಲ ನೋಡುತ್ತ ಕೂತೆ.

ಇಷ್ಟಾದರೂ ಅತ್ತಿಯದು ಹಟದ ಸ್ವಭಾವ. "ಕುಡಿದ್ರ ಕುಡೀಬೇಕು, ಇಲ್ಲಂದ್ರ ಬಿಡಬೇಕು. ಸಣ್ಣ ಕಪ್ ಅಂದ್ರ ಏನು, ಹಕ್ಕಿಗಿ ನೀರಿಟ್ಟಂಗ!" ಅಂತ ಮರುದಿನವೇ ಒಮ್ಮೆಲೇ ಬಿಟ್ಟರು. ಡಾಕ್ಟರಮ್ಮ ಹೇಳಿದ್ದು ಖರೆಯಾಯಿತು. ತಲೆನೋವು ಬಂತು, ಅದರ ಜೊತೆ ಸಿಟ್ಟೂ ಬಂತು. ಹಾಲಿನವನಿಂದ ಹಿಡಿದು ಟಿವಿಯಲ್ಲಿ ಸುದ್ದಿ ಓದುವಾಕೆಯ ತನಕ ಎಲ್ಲರಿಗೂ ಬೈಗುಳ. ಮೇಡಂ ಅರ್ಧ ಲೋಟ ಕಾಫಿ ಹಿಡಿದು ಕೆಳಗಿಳಿದು ಬಂದು, ಅಷ್ಟು ದಿನದಲ್ಲಿ ಕಲಿತ ನಮ್ಮ ಮಾತಿನಲ್ಲೇ, "ಸುಮ್ನ ಕುಡೀಬೇ ಯವ್ವಾ!" ಅಂತ ಗದರಿದರು. ಅತ್ತಿ ಬೆಪ್ಪಾಗಿ ಅವರ ಮುಖ ನೋಡಿ, ಬಾಯಿ ಮುಚ್ಚಿಕೊಂಡು ಕುಡಿದರು. ಆ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಈಗ ಅವರದು ದಿನಕ್ಕೊಂದೇ ಕಪ್ಪು, ಉಪ್ಪಿಟ್ಟೋ ಮಂಡಕ್ಕಿಯ ಸುಸಲವೋ ತಿಂದ ಮೇಲೆ. ಎದೆಯ ಢವಢವ ನಿಂತಿದೆ, ನಿದ್ದೆ ಬಂದಿದೆ. ತಲೆನೋವು ಪೂರಾ ಹೋಗಿಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತದೆ. ನನ್ನ ರಕ್ತ ನಿಧಾನಕ್ಕೆ ಏರುತ್ತಿದೆ. ದವಾಖಾನಿಯೂ ನಡೆದಿದೆ, ಆದರೆ ಈಗ ಔಷಧಿಗಿಂತ ಮೊದಲು ತಪಾಸಣೆ. ಹೋದ ವಾರ ಹೊಲಿಗೆಯಾಕೆಯ ಸೊಸೆ, ತಲೆ ಸಿಡಿಯುತ್ತದೆ ಅಂತ ಬಂದಳು. ಅತ್ತಿ ಅವಳನ್ನು ಎದುರಿಗೆ ಕೂರಿಸಿಕೊಂಡು, "ಎದಿಉರಿ ಅದ ಏನು? ಬಿಪಿ ಅದ ಏನು? ನಿದ್ದಿ ಹೆಂಗ ಬರ್ತದ?" ಅಂತ ಕೇಳುತ್ತ ಬಂದು, "ಈ ತಿಂಗಳು ಹೊರಗ ಕುಂತೀಯೇನು?" ಅಂದರು.

ಆ ಹುಡುಗಿ ನಾಚಿ, ಇಲ್ಲ ಅಂತ ತಲೆಯಾಡಿಸಿ ನೆಲ ನೋಡಿದಳು. ಕಾಫಿ ಸಿಗಲಿಲ್ಲ. ಬದಲಿಗೆ ಅತ್ತಿ ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಬೆಲ್ಲದ ಚೂರು ತಂದು ಅವಳ ಬಾಯಿಗೆ ಹಾಕಿದರು. "ನಾಳಿ ನಿಮ್ಮತ್ತಿನ ಕರ್ಕೊಂಡು ಡಾಕ್ಟರ್ ಕಡೆ ಹೋಗು. ಇದು ನನ್ನ ದವಾಖಾನ್ಯಾಗ ಆಗೋದಲ್ಲ."