ಆನ್ಸೆಲ್ಮೊನ ಭಾನುವಾರದ ಚಪ್ಪಾಳೆ

ಒಲಾವರ್ರಿಯಾ ಎಂಬ ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ ಆನ್ಸೆಲ್ಮೊ ಬ್ರುಜ್ಜೋನೆ ಮೂವತ್ತೊಂದು ವರ್ಷ ಕುಲುಮೆ ಕಾದಿದ್ದ. ಅಲ್ಲಿ ಒಂದು ದಿನವಾದರೂ ಅವನಿಗೆ ಭೇಷ್ ಎಂದವರಿಲ್ಲ. ಆ ಕೊರತೆಯನ್ನೆಲ್ಲ ಭಾನುವಾರಗಳು ತುಂಬಿಕೊಡುತ್ತಿದ್ದವು. ಹಿತ್ತಿಲಿನ ಕೆಂಡದಲ್ಲಿ ಸುಟ್ಟ ಮಾಂಸ ಮೇಜಿಗೆ ಬಂದೊಡನೆ ಯಾರಾದರೊಬ್ಬರು "ಸುಟ್ಟವನಿಗೊಂದು ಚಪ್ಪಾಳೆ" ಎನ್ನಬೇಕು, ಎಲ್ಲರೂ ತಟ್ಟಬೇಕು. "ಅಯ್ಯೋ, ಬಿಡಿ ಬಿಡಿ" ಎಂದು ಆನ್ಸೆಲ್ಮೊ ಕೈಯಾಡಿಸುತ್ತಿದ್ದ. ನಿಜವಾಗಿ ಬಿಟ್ಟರೆ ಸಂಜೆಯವರೆಗೆ ಮುಖ ಊದಿಸಿಕೊಳ್ಳುತ್ತಿದ್ದ.

ಅವನು ಸುಡುತ್ತಿದ್ದುದು ಮತಾಂಬ್ರೆ. ದನದ ಪಕ್ಕೆಲುಬಿನ ಮೇಲೆ ಹಾಸಿಕೊಂಡಿರುವ ತೆಳು ಮಾಂಸ. ಬಲು ಅಗ್ಗ, ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಅದನ್ನು ಬೆಣ್ಣೆ ಮಾಡುವ ವಿದ್ಯೆ ತನ್ನ ಕೈಯಲ್ಲಿದೆ ಎಂದು ಅವನು ಮನಸಾರೆ ನಂಬಿದ್ದ.

"ಉಪ್ಪು, ಕೆಂಡ, ತಾಳ್ಮೆ. ನೆನೆಹಾಕೋದು ಗಿನೆಹಾಕೋದು ಎಲ್ಲ ಕೈಲಾಗ್ದೋರ ಕೆಲಸ" ಎಂದು ಅಳಿಯ ರಮೀರೊನಿಗೆ ವಾರವಾರವೂ ಪಾಠ. ಅಳಿಯ ನಿಂಬೆಹಣ್ಣಿನ ಮಾತೆತ್ತಿದರೆ ಮಾವ ಇಕ್ಕಳ ತೋರಿಸುತ್ತಿದ್ದ.

ಭಾನುವಾರ ಬೆಳಗಾದರೆ ಬೀದಿಯ ಬೆಕ್ಕುಗಳೆಲ್ಲ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಕೂರುತ್ತಿದ್ದವು. ಹೆಂಡತಿ ಡೆಲ್ಫೀನಾ ಅವಕ್ಕೆ ಬೋಗುಣಿ ತುಂಬ ಹಾಲಿಡುತ್ತಿದ್ದಳು. ಅವಳದು ಮೆದು ಮನಸ್ಸು, ಬೆಕ್ಕುಗಳು ಬರುವುದು ಮಾತ್ರ ತನ್ನ ಕೀರ್ತಿ ಕೇಳಿ ಎಂದು ಆನ್ಸೆಲ್ಮೊ ತೀರ್ಮಾನಿಸಿಬಿಟ್ಟಿದ್ದ.

ಮಾರ್ಚ್ ತಿಂಗಳಲ್ಲಿ ಡೆಲ್ಫೀನಾಳ ತಂಗಿ ಜಾರಿಬಿದ್ದು ಕೈ ಮುರಿದುಕೊಂಡಳು. ಡೆಲ್ಫೀನಾ ಶುಕ್ರವಾರವೇ ತಂಗಿಯ ಊರಾದ ಆಸುಲ್‌ಗೆ ಬಸ್ಸು ಹತ್ತಿದಳು. ಭಾನುವಾರ ಆನ್ಸೆಲ್ಮೊ ತಾನೇ ಮಾಂಸ ತಂದು, ಉಪ್ಪು ಸವರಿ, ಎಂದಿನ ಗತ್ತಿನಲ್ಲಿ ಸುಟ್ಟು ಬಡಿಸಿದ.

ಎಲ್ಲರೂ ಅಗಿದರು, ಅಗಿಯುತ್ತಲೇ ಇದ್ದರು. ಮಗಳು ನೋಯೆಮಿ ತುತ್ತನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸಾಗಿಸಿ, ಮತ್ತೆ ಎಡಕ್ಕೆ ತಂದು, ಕೊನೆಗೆ ಕರವಸ್ತ್ರಕ್ಕೆ ಒಪ್ಪಿಸಿದಳು. ಚಪ್ಪಾಳೆಯ ಮಾತು ಯಾರೂ ಎತ್ತಲಿಲ್ಲ.

"ಮುಂದಿನ್ ವಾರ ಇಕ್ಕಳ ನನ್ ಕೈಗೆ ಕೊಡಿ ಮಾವ" ಎಂದ ರಮೀರೊ, ಇನ್ನೂ ಅಗಿಯುತ್ತ. "ನಿಮ್ಗೂ ವಯಸ್ಸಾಯ್ತು."

ಮರುದಿನ ಬೆಳಿಗ್ಗೆಯೇ ಆನ್ಸೆಲ್ಮೊ ಕಟುಕ ಟಿತೊನ ಅಂಗಡಿಗೆ ನುಗ್ಗಿದ.

"ಯಾವ್ ಕಾಲದ ಮುದಿ ಎತ್ತು ಕಟ್ಕೊಟ್ಟೆ ನಂಗೆ?"

"ಯಾವಾಗ್ಲೂ ಕೊಡೋದೇ ಕಣಯ್ಯಾ. ಹಾಲಲ್ಲಿ ನೆನೆಸಿದ್ಯಾ?"

"ಯಾವ ಹಾಲು?"

ಟಿತೊ ಕತ್ತಿ ಕೆಳಗಿಟ್ಟ. ಆದರೆ ಮಾತು ಆಗಲೇ ಬಾಯಿಂದ ಜಾರಿಬಿಟ್ಟಿತ್ತು. "ನಿನ್ ಮದ್ವೆ ಹೊಸದ್ರಲ್ಲಿ ನಾನೇ ಡೆಲ್ಫೀನಕ್ಕಂಗೆ ಹೇಳ್ಕೊಟ್ಟಿದ್ದು. ಶನಿವಾರ ಎರಡು ಲೀಟರ್ ಹಾಲಲ್ಲಿ ಮುಳುಗ್ಸಿಡೋದು, ಬೆಳಿಗ್ಗೆ ನೀನು ಏಳೋಕ್ ಮುಂಚೆ ಒರೆಸಿ ಮತ್ತೆ ನನ್ ಕಾಗದದಲ್ಲೇ ಸುತ್ತಿಡೋದು. ಬೀದಿಗೆಲ್ಲ ಗೊತ್ತು."

ಬೀದಿಯ ಬೆಕ್ಕುಗಳಿಗೂ ಗೊತ್ತು. ಆನ್ಸೆಲ್ಮೊನಿಗೆ ಮೊದಲು ಸಿಟ್ಟು ಬಂತು, ಅರ್ಧ ದಾರಿಗೆ ನಾಚಿಕೆಯಾಯಿತು. ಮನೆ ಸೇರುವ ಹೊತ್ತಿಗೆ ಇಪ್ಪತ್ತೊಂಬತ್ತು ವರ್ಷದ ಶನಿವಾರಗಳನ್ನು ಲೆಕ್ಕ ಹಾಕುತ್ತಿದ್ದ. ಪ್ರತಿ ಚಪ್ಪಾಳೆಯ ಹೊತ್ತಿಗೂ ಡೆಲ್ಫೀನಾ ಅಡುಗೆಮನೆಯಲ್ಲಿ ಟೊಮೆಟೊ ಹೆಚ್ಚುತ್ತಿದ್ದಳು.

ಗುರುವಾರ ಡೆಲ್ಫೀನಾ ವಾಪಸಾದಳು. ಶನಿವಾರ ಸಂಜೆ ಆನ್ಸೆಲ್ಮೊ ಎರಡು ಲೀಟರ್ ಹಾಲು ತಂದು ಅವಳ ಮುಂದಿಟ್ಟ.

"ಏನ್ರೀ ಇದು?"

"ಬೆಕ್ಕಿಗೆ ಕಣೇ" ಎಂದು ಅವಳ ಮುಖ ನೋಡದೆ ಹೊರಟುಹೋದ.

ಭಾನುವಾರ ಹಠ ಹಿಡಿದು ಇಕ್ಕಳ ತಾನೇ ಹಿಡಿದ. ಮಾಂಸ ಬಾಯಲ್ಲಿ ಕರಗಿತು. ರಮೀರೊ ತಾನೇ ಎದ್ದು, "ಸುಟ್ಟವರಿಗೊಂದು ಚಪ್ಪಾಳೆ. ತಪ್ಪಾಯ್ತು ಮಾವ" ಎಂದ. ಎಲ್ಲರೂ ತಟ್ಟಿದರು. ಆನ್ಸೆಲ್ಮೊ ಈ ಸಲ ಬಿಡಿ ಎನ್ನಲಿಲ್ಲ. ಇಕ್ಕಳ ಸಮೇತ ಅಡುಗೆಮನೆಗೆ ನಡೆದ. ಟೊಮೆಟೊ ಹೆಚ್ಚುತ್ತಿದ್ದ ಡೆಲ್ಫೀನಾಳ ಎದುರು ಇಕ್ಕಳ ಕೆಳಗಿಟ್ಟು, ಅಂಗೈ ಉರಿಯುವಂತೆ ಚಪ್ಪಾಳೆ ತಟ್ಟತೊಡಗಿದ.

ಅವಳು ಸೆರಗಿಲ್ಲದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಸಾಕ್ ಬಿಡ್ರಿ, ಹೊರಗಿರೋರಿಗೆ ಕೇಳ್ಸುತ್ತೆ."

"ಕೇಳಿದ್ರೆ ಬೆಕ್ಕು ಓಡಿಸ್ತಿದ್ದೆ ಅಂದ್ರಾಯ್ತು."

ಡೆಲ್ಫೀನಾ ಹೋಗಿ ಬಾಗಿಲು ಹಾಕಿ ಬಂದು, ಮಿಕ್ಕ ಚಪ್ಪಾಳೆಗೆ ನಿಂತುಕೊಂಡಳು.