ಶುಗರ್ ಇಳಿಸಿದ ಡೊಂಬಿವಲಿ ಲೋಕಲ್

ಸಕ್ಕರೆ ಕಾಯಿಲೆಗೆಂದು ತೋಳಿಗಂಟಿಸಿದ್ದ ನನ್ನ ಹಳೆಯ ಸೆನ್ಸರ್ ಪಾಪದ್ದು, ಫೋನ್ ಹಿಡಿದು ಕೇಳಿದರೆ ಮಾತ್ರ ಶುಗರ್ ಎಷ್ಟೆಂದು ಹೇಳುತ್ತಿತ್ತು. ಹೊಸದು ತಾನಾಗಿಯೇ ಬೊಬ್ಬೆ ಹೊಡೆಯುತ್ತದೆ. ತೋಳಿಗೆ ಅಂಟಿಸಿಕೊಂಡ ಮರುದಿನವೇ, ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನ್ ಕಿರುಚಿತು: ಶುಗರ್ ಇಳಿದಿದೆ!

"ಅಯ್ಯೋ ದೇವರೇ" ಎಂದದ್ದೇ ತಡ, ನನಗೆ ಒತ್ತಿಕೊಂಡು ನಿಂತಿದ್ದ ಹಿರಿಯರೊಬ್ಬರು "ಓಹೋ, ನಮ್ಮೂರಿನವರು!" ಎಂದು ಸತ್ಯನಾರಾಯಣ ಪೂಜೆಯ ಸಿಹಿ ಶೀರಾದ ಡಬ್ಬಿ ತೆರೆದರು.

"ನನಗೇನೂ ಆಗ್ಲಿಲ್ಲ" ಎಂದೆ.

"ಪ್ರಸಾದ ಮಾರಾಯ್ರೆ, ಬೇಡ ಹೇಳ್ಲಿಕ್ಕುಂಟಾ? ಬಾಯಿ ತೆರೀರಿ!"

ಡಬ್ಬಿ ಖಾಲಿಯಾಯಿತು. ಠಾಣೆಯಲ್ಲಿ ಇಳಿದು ಆಫೀಸು ಮುಟ್ಟುವಷ್ಟರಲ್ಲಿ ಫೋನ್ ಮತ್ತೆ ಕಿರುಚಿತು: ಶುಗರ್ ಏರಿದೆ!

ಸಂಜೆ ಡಾಕ್ಟರು ನಕ್ಕರು. "ತೋಳು ಅದುಮಿದ್ರೆ ಸೆನ್ಸರ್ ಸುಳ್ಳೇ ಕಡಿಮೆ ತೋರಿಸ್ತದೆ. ಆ ಮಗ್ಗುಲಲ್ಲಿ ಮಲಗ್ಬೇಡಿ."

ಮಲಗುವುದಂತೆ! ನನಗೆ ಆ ಲೋಕಲ್‌ನಲ್ಲಿ ಎರಡನೇ ಕಾಲು ಊರಲಿಕ್ಕೇ ಜಾಗವಿರಲಿಲ್ಲ.