ಸಂತ ಅಂತೋನಿ ಕೊಡಿಸಿದ ಉಂಗುರ

ಮಾರಾಯ್ರೇ, ಇವತ್ತು ಬೆಳಿಗ್ಗೆ ದುಬೈಯ ಬೀಚಲ್ಲಿ ಉಂಗುರ ಸಿಕ್ಕಿತು. ಬೇರೆ ಯಾರದ್ದೋ!

ಕಳೆದ ವಾರ ಅಲ್ಲೇ ನೀರಲ್ಲಿ ಆಡುವಾಗ ನನ್ನ ಮದುವೆ ಉಂಗುರ ಜಾರಿಹೋಗಿತ್ತು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ದಿನಾ ಮೋಂಬತ್ತಿ ಹಚ್ಚಿದೆ. ಇವತ್ತು ಪಕ್ಕದ ಫ್ಲಾಟಿನ ವಿಲ್ಲಿ ಅಂಕಲ್ ತಮ್ಮ ಮೆಟಲ್ ಡಿಟೆಕ್ಟರ್ ತಂದರು. ಮರಳಲ್ಲಿ ಒಂದು ಕಡೆ ಅದು ಕುಂಯ್ ಅಂತು. ಅಗೆದರೆ ಸವೆದು ತೆಳ್ಳಗಾದ ಹಳೇ ಬೆಳ್ಳಿ ಉಂಗುರ.

"ನೀನು ಬರೀ ಉಂಗುರ ಸಿಗ್ಲಿ ಅಂತ ಬೇಡಿದ್ದಾ? ಯಾರದ್ದು ಅಂತ ಹೇಳ್ಬೇಕಿತ್ತು!" ಅಂದರು ನನ್ನ ಗಂಡ.

"ಸಂತರಿಗೆ ಅಷ್ಟೂ ಗೊತ್ತಾಗುದಿಲ್ವಾ?" ಅಂತ ರೇಗಿದೆ.

ಆದರೂ ಬೆರಳಿಗೆ ಹಾಕಿ ನೋಡಿದೆ. ನನ್ನದೇ ಅಳತೆ. ಅಲೆಗಳು ಕಾಲು ಮುಟ್ಟಿ ಮುಟ್ಟಿ ಹೋಗುತ್ತಿದ್ದವು. ಯಾವ ಕಾಲದಲ್ಲೋ ಯಾವಳೋ ಒಬ್ಬಳು ಇದೇ ನೀರಲ್ಲಿ ಬರಿಬೆರಳು ನೋಡಿಕೊಂಡು ನಿಂತಿದ್ದಳಲ್ಲ ಅಂತ ಯೋಚಿಸುತ್ತಾ ಎಷ್ಟು ಹೊತ್ತು ನಿಂತೆನೋ.

"ಯಲ್ಲಾ, ನಡಿ, ಪೊಲೀಸರಿಗೆ ಕೊಟ್ಟು ಬರುವ," ಅಂತ ಇವರು ಕರೆದಾಗಲೇ ಎಚ್ಚರ. ಕೊಟ್ಟು ಬಂದೆವು.

ಆವತ್ತು ಅವಳೂ ಮೋಂಬತ್ತಿ ಹಚ್ಚಿರಬೇಕು. ಸಂತರ ಸಾಲಲ್ಲಿ ಅವಳ ಸರದಿ ಇವತ್ತು ಬಂತು. ನನ್ನ ಸರದಿ ಬಂದಾಗ ಉಂಗುರ ಯಾರಿಗೆ ಸಿಕ್ಕಿದರೂ, ದಯವಿಟ್ಟು ನನ್ನ ಮೊಮ್ಮಕ್ಕಳಿಗೆ ತಲುಪಿಸಿ.